ನಿಷೇಧವೆಂಬ ನೆಮ್ಮದಿ

ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕದ ಮಾತೆತ್ತಿದರೆ ಓದಿಕೊಂಡವರೂ ಕೊಡುವ ಉತ್ತರ ಒಂದೇ: ‘ಅದೆಲ್ಲ ಹಳೆಯ ಕಥೆ, ಎಂದೋ ನಿಷೇಧವಾಯಿತಲ್ಲ.’ ಕಡಲಿನ ಮಾಲಿನ್ಯ ಅಂದರೆ ಇವತ್ತು ಎಲ್ಲರ ಕಣ್ಣಿಗೆ ಕಟ್ಟುವುದು ಪ್ಲಾಸ್ಟಿಕ್ ಚೀಲ, ಸ್ಟ್ರಾ, ತಿಮಿಂಗಿಲದ ಹೊಟ್ಟೆ ಸೀಳಿದಾಗ ಹೊರಬಿದ್ದ ಬಲೆಯ ಚೂರು. ಕ್ಲೋರಿನ್ ಹೊತ್ತ ಹಳೆಯ ವಿಷಗಳು ಕಳೆದ ಶತಮಾನದ ತಪ್ಪು, ಅದನ್ನು ಕಂಡುಹಿಡಿದರು, ಕಾನೂನು ಮಾಡಿದರು, ಮುಗಿಯಿತು ಎಂಬ ಭಾವನೆ ಸರ್ಕಾರಗಳಲ್ಲಿದೆ, ಪತ್ರಿಕೆಗಳಲ್ಲಿದೆ, ಪರಿಸರದ ಬಗ್ಗೆ ನಿಜವಾದ ಕಾಳಜಿ ಇರುವವರಲ್ಲೂ ಇದೆ. ಈ ಭಾವನೆ ತಪ್ಪು. ಅರ್ಧ ದಾರಿಯನ್ನೂ ಸವೆಸದ ಕೆಲಸವನ್ನು ಮುಗಿಯಿತೆಂದು ಸಾರಿ ಎಲ್ಲರನ್ನೂ ಮನೆಗೆ ಕಳಿಸುತ್ತಿರುವುದರಿಂದ ಅದು ಅಪಾಯಕಾರಿಯೂ ಹೌದು.

2016ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಪಶ್ಚಿಮದ ಟೈರೀ ದ್ವೀಪದ ದಂಡೆಗೆ, ಕಿಲ್ಲರ್ ವೇಲ್ ಎಂದೂ ಕರೆಯುವ ಓರ್ಕಾ ಜಾತಿಯ ಒಂದು ಹೆಣ್ಣು ಸತ್ತು ಬಂದು ಬಿತ್ತು. ಅಲ್ಲಿನ ಕಡಲ ಜನಕ್ಕೆ ಅದು ಪರಿಚಿತ ಪ್ರಾಣಿ; ಅದನ್ನು ಲುಲು ಎಂದು ಕರೆಯುತ್ತಿದ್ದರು. ಮೀನುಗಾರಿಕೆಯ ಹಗ್ಗ ಸುತ್ತಿಕೊಂಡು ಅದು ಸತ್ತಿತ್ತು. ಶವಪರೀಕ್ಷೆ ನಡೆಸಿದ ಆಂಡ್ರ್ಯೂ ಬ್ರೌನ್ಲೋ ಮತ್ತು ಅವರ ತಂಡಕ್ಕೆ ಹಗ್ಗದ ಗುರುತಿನಷ್ಟೇ ಕಳವಳ ತಂದದ್ದು ಇನ್ನೊಂದು ಸಂಗತಿ. ಲುಲುವಿಗೆ ಕನಿಷ್ಠ ಇಪ್ಪತ್ತು ವರ್ಷ ವಯಸ್ಸು. ಆ ವಯಸ್ಸಿಗೆ ಓರ್ಕಾ ತಾಯಿಯಾಗಿರಬೇಕು. ಲುಲುವಿನ ಅಂಡಾಶಯ ಕೆಲಸ ಮಾಡಿದ ಲಕ್ಷಣವೇ ಇರಲಿಲ್ಲ, ಅದು ಒಮ್ಮೆಯೂ ಹೆತ್ತಿರಲಿಲ್ಲ. ಚರ್ಮದಡಿಯ ಕೊಬ್ಬನ್ನು ಪರೀಕ್ಷಿಸಿದಾಗ ಪ್ರತಿ ಕಿಲೋ ಕೊಬ್ಬಿನಲ್ಲಿ 957 ಮಿಲಿಗ್ರಾಂ ಪಿಸಿಬಿ ಸಿಕ್ಕಿತು. ಕಡಲ ಸಸ್ತನಿಗಳಲ್ಲಿ ಹಾನಿ ಆರಂಭವಾಗುವ ಮಟ್ಟವೆಂದು ವಿಜ್ಞಾನಿಗಳು ಬಳಸುತ್ತ ಬಂದದ್ದು 17 ಮಿಲಿಗ್ರಾಂ. ತಮಿಳುನಾಡು ಮೂಲದ ರಸಾಯನ ವಿಜ್ಞಾನಿ ಕುರುಂತಾಚಲಂ ಕಣ್ಣನ್ ಮತ್ತು ಸಂಗಡಿಗರು 2000ದಲ್ಲಿ ಕೊಟ್ಟ ಅಳತೆ ಅದು. ಅದು ಅತಿ ಎಚ್ಚರಿಕೆಯ ಅಳತೆ ಎನ್ನುವವರಿಗಾಗಿ ಬಾಲ್ಟಿಕ್ ಸಮುದ್ರದ ಸೀಲ್‌ಗಳ ಬಂಜೆತನದಿಂದ ಪಡೆದ 41 ಮಿಲಿಗ್ರಾಂ ಎಂಬ ಇನ್ನೊಂದು ಮಟ್ಟವೂ ಇದೆ. ಮೊದಲನೆಯದಕ್ಕೆ ಹೋಲಿಸಿದರೆ ಲುಲುವಿನ ಮೈಯಲ್ಲಿದ್ದದ್ದು ಐವತ್ತಾರು ಪಟ್ಟು, ಎರಡನೆಯದಕ್ಕೆ ಇಪ್ಪತ್ಮೂರು ಪಟ್ಟು.

ಲುಲು ಸೇರಿದ್ದ ಗುಂಪನ್ನು 1990ರ ದಶಕದಿಂದ ಗಮನಿಸುತ್ತ ಬಂದಿದ್ದಾರೆ. ಇಷ್ಟು ವರ್ಷಗಳಲ್ಲಿ ಆ ಗುಂಪಿನಲ್ಲಿ ಒಂದೇ ಒಂದು ಮರಿ ಕಂಡಿಲ್ಲ. ಈಚಿನ ವರ್ಷಗಳಲ್ಲಿ ಕಣ್ಣಿಗೆ ಬೀಳುತ್ತಿರುವುದು ಜಾನ್ ಕೋ ಮತ್ತು ಅಕ್ವೇರಿಯಸ್ ಎಂಬ ಎರಡು ಗಂಡುಗಳು ಮಾತ್ರ. ಎರಡು ಗಂಡುಗಳಿಂದ ಸಂತತಿ ಬೆಳೆಯುವುದಿಲ್ಲ. ಬ್ರಿಟನ್ ಪಿಸಿಬಿ ಮಾರಾಟಕ್ಕೆ ತಡೆ ಹಾಕಿದ್ದು 1981ರಲ್ಲಿ. ನಿಷೇಧದ ಮೂವತ್ತೈದನೆಯ ವರ್ಷ ದಡಕ್ಕೆ ಬಂದ ಹೆಣದಲ್ಲಿ ಇಷ್ಟು ವಿಷವಿತ್ತೆಂದರೆ, ಆ ನಿಷೇಧ ಏನನ್ನು ನಿಲ್ಲಿಸಿತು ಎಂದು ಕೇಳಲೇಬೇಕು.

ಅದು ನಿಲ್ಲಿಸಿದ್ದು ಹೊಸ ತಯಾರಿಕೆಯನ್ನು. ಆ ಹೊತ್ತಿಗೆ ತಯಾರಾಗಿ ಜಗತ್ತಿನ ತುಂಬ ಹರಡಿದ್ದ ಸರಕನ್ನು ಅದು ಮುಟ್ಟಲಿಲ್ಲ. ಪಿಸಿಬಿ ಎಂಬುದು 209 ರೂಪಗಳ ಒಂದು ಕುಟುಂಬ. ಎರಡು ಬೆಂಜೀನ್ ಉಂಗುರಗಳ ಸುತ್ತ ಬೇರೆ ಬೇರೆ ಜಾಗದಲ್ಲಿ ಕ್ಲೋರಿನ್ ಅಂಟಿಕೊಂಡ ಅಣುಗಳು. ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ಆಮ್ಲಕ್ಕೆ ಜಗ್ಗುವುದಿಲ್ಲ, ವಿದ್ಯುತ್ ಹರಿಯಗೊಡುವುದಿಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಆನಿಸ್ಟನ್ ಪಟ್ಟಣದಲ್ಲಿ 1929ರಲ್ಲಿ ವಾಣಿಜ್ಯ ತಯಾರಿಕೆ ಆರಂಭವಾಯಿತು, 1935ರಲ್ಲಿ ಆ ಕಾರ್ಖಾನೆ ಮಾನ್ಸಾಂಟೋ ಕೈಸೇರಿತು. ಮುಂದೆ ಹಲವು ದೇಶಗಳು ಸೇರಿ ಸುಮಾರು 13 ಲಕ್ಷ ಟನ್ ತಯಾರಿಸಿದವು. ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಹೈಡ್ರಾಲಿಕ್ ಎಣ್ಣೆ, ಹಡಗಿನ ಬಣ್ಣ, ಕಾರ್ಬನ್ ಇಲ್ಲದ ನಕಲು ಕಾಗದ, ಕಟ್ಟಡಗಳ ಕಾಂಕ್ರೀಟ್ ಫಲಕಗಳ ಸಂದಿಗೆ ತುಂಬುವ ಅಂಟು, ಹೀಗೆ ಅದು ಸೇರದ ಜಾಗವಿರಲಿಲ್ಲ. ಯುರೋಪಿನಲ್ಲಿ 1950ರಿಂದ 1980ರವರೆಗೆ ಕಟ್ಟಿದ ಎಷ್ಟೋ ಶಾಲೆ, ವಸತಿ ಸಮುಚ್ಚಯಗಳ ಗೋಡೆಯ ಸಂದಿಯಲ್ಲಿ ಆ ಅಂಟು ಇವತ್ತಿಗೂ ಇದೆ. ಬಿಸಿಲಿಗೆ ಆವಿಯಾಗುತ್ತ, ಮಳೆಗೆ ತೊಳೆಯುತ್ತ, ಕಟ್ಟಡ ಕೆಡವಿದಾಗ ದೂಳಾಗಿ ನೆಲ ಸೇರುತ್ತ ಇದೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2016ರಲ್ಲಿ ಲೆಕ್ಕ ಹಾಕಿತು. ಪಿಸಿಬಿ ತುಂಬಿದ ಅಥವಾ ಪಿಸಿಬಿಯಿಂದ ಕೆಟ್ಟ ಎಣ್ಣೆ ಮತ್ತು ಉಪಕರಣಗಳ ಒಟ್ಟು ತೂಕ ಸುಮಾರು 1 ಕೋಟಿ 70 ಲಕ್ಷ ಟನ್. ಆವರೆಗೆ ನಾಶವಾದದ್ದು ಸುಮಾರು 30 ಲಕ್ಷ ಟನ್. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ಉಳಿದೇ ಇತ್ತು. ಇದನ್ನು ಮುಗಿದ ಕಥೆ ಎನ್ನುವವರು ಆ ಎಂಬತ್ತು ಪಾಲು ಎಲ್ಲಿದೆ ಎಂದು ಹೇಳಲಿ. ತುಕ್ಕು ಹಿಡಿಯುತ್ತಿರುವ ಟ್ರಾನ್ಸ್‌ಫಾರ್ಮರ್‌ನಲ್ಲಿದೆ, ಗುಜರಿ ಅಂಗಳದಲ್ಲಿದೆ, ಹಳೆಯ ಕಸದ ಗುಂಡಿಗಳಲ್ಲಿದೆ. ಅಲ್ಲಿಂದ ಕದಲಿದ ಪಾಲು ನದೀಮುಖದ ಕೆಸರಿನಲ್ಲಿದೆ, ಕಡಲಿನಲ್ಲಿದೆ.

‘ಕಡಲು ದೊಡ್ಡದು, ಕರಗಿ ಹೋಗುತ್ತದೆ’ ಎಂಬ ಸಮಾಧಾನಕ್ಕೆ ಹೆಚ್ಚು ಜಾಗ ಕೊಡಬೇಕಾಗಿಲ್ಲ. ಪೆಸಿಫಿಕ್‌ನ ಮರಿಯಾನಾ ಕಂದಕದಲ್ಲಿ, ಹತ್ತು ಸಾವಿರ ಮೀಟರಿಗೂ ಆಳದಲ್ಲಿ, ಸೂರ್ಯನ ಬೆಳಕೇ ಕಾಣದ ಸಿಗಡಿಯಂಥ ಜೀವಿಗಳನ್ನು ಹಿಡಿದು ನೋಡಿದಾಗ ಅವುಗಳಲ್ಲೂ ಪಿಸಿಬಿ ಧಾರಾಳವಾಗಿತ್ತು. 2017ರಲ್ಲಿ ಪ್ರಕಟವಾದ ಆ ಅಧ್ಯಯನ ಚೀನಾದ ಅತಿ ಮಲಿನ ನದಿಯೊಂದರ ನೀರು ಉಣ್ಣುವ ಗದ್ದೆಗಳ ಏಡಿಗಳಿಗಿಂತ ಅಲ್ಲಿಯ ಮಟ್ಟ ಹತ್ತಾರು ಪಟ್ಟು ಹೆಚ್ಚಿದೆಯೆಂದು ತೋರಿಸಿತು. ನೀರಿಗಿಂತ ಕೊಬ್ಬನ್ನು ಅರಸುವ ಅಣು ಇದು. ಉಪ್ಪಿನಕಾಯಿ ಜಾಡಿಯಲ್ಲಿ ಮೆಣಸಿನ ಖಾರ ಎಣ್ಣೆಗೆ ಇಳಿಯುವ ಹಾಗೆ, ಕಡಲಿಗೆ ಬಿದ್ದ ಪಿಸಿಬಿ ಜೀವಿಗಳ ಕೊಬ್ಬಿಗೆ ಇಳಿಯುತ್ತದೆ. ಪಾಚಿಯಿಂದ ತೇಲುಹುಳಕ್ಕೆ, ಹುಳದಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಸೀಲ್‌ಗೆ, ಸೀಲ್‌ನಿಂದ ಓರ್ಕಾಕ್ಕೆ ಏರುತ್ತ ಹೋದಂತೆ ಪ್ರತಿ ಮೆಟ್ಟಿಲಲ್ಲೂ ಸಾಂದ್ರವಾಗುತ್ತದೆ. ಜಪಾನಿನ ಶಿನ್ಸುಕೆ ತನಾಬೆ ಮತ್ತು ಸಂಗಡಿಗರು 1980ರ ದಶಕದಲ್ಲೇ ಇದನ್ನು ಅಳೆದರು: ಪಶ್ಚಿಮ ಉತ್ತರ ಪೆಸಿಫಿಕ್‌ನ ಪಟ್ಟೆ ಡಾಲ್ಫಿನ್‌ಗಳ ಮೈಯಲ್ಲಿನ ಪಿಸಿಬಿ, ಅವು ಈಜುವ ನೀರಿಗಿಂತ ಸುಮಾರು ಒಂದು ಕೋಟಿ ಪಟ್ಟು ಹೆಚ್ಚು. ಕಡಲ ನೀರನ್ನು ಪರೀಕ್ಷಿಸಿ ‘ಮಟ್ಟ ಅತ್ಯಲ್ಪ’ ಎಂದು ಬರೆಯುವ ವರದಿ ಈ ಕಾರಣಕ್ಕೆ ನಿರರ್ಥಕ. ನೀರು ಶುದ್ಧವೆಂದು ಕಂಡಾಗಲೇ ಪ್ರಾಣಿ ಸಾಯುತ್ತಿರಬಹುದು.

ಇನ್ನೂ ಕ್ರೂರವಾದ ಭಾಗವೊಂದಿದೆ. ನೆಲದ ಮೇಲಿನ ಅನೇಕ ಸಸ್ತನಿಗಳ ಯಕೃತ್ತು ಪಿಸಿಬಿಯ ಕೆಲವು ರೂಪಗಳನ್ನಾದರೂ ಮುರಿದು ಹೊರಹಾಕಬಲ್ಲದು. ತಿಮಿಂಗಿಲ, ಡಾಲ್ಫಿನ್‌ಗಳಿಗೆ ಆ ಶಕ್ತಿ ತೀರಾ ಕಡಿಮೆ. ಗಂಡು ಓರ್ಕಾ ತಿಂದದ್ದನ್ನು ಸಾಯುವವರೆಗೂ ಹೊತ್ತು ತಿರುಗುತ್ತದೆ. ಹೆಣ್ಣಿಗೆ ಒಂದು ದಾರಿ ಇದೆ, ಅದು ತನ್ನ ಮರಿ. ಗರ್ಭದಲ್ಲಿ ಸ್ವಲ್ಪ, ಕೊಬ್ಬು ತುಂಬಿದ ಹಾಲಿನಲ್ಲಿ ಬಹುಪಾಲು, ವರ್ಷಗಳ ಕಾಲ ಕೂಡಿಟ್ಟ ವಿಷ ಮೊದಲ ಮರಿಯ ಮೈಗೆ ಹರಿಯುತ್ತದೆ. ಫ್ಲಾರಿಡಾದ ಸಾರಸೋಟ ಕೊಲ್ಲಿಯ ಡಾಲ್ಫಿನ್‌ಗಳನ್ನು 1970ರಿಂದ ರ್‍ಯಾಂಡಲ್ ವೆಲ್ಸ್ ಮತ್ತು ಜೊತೆಗಾರರು ತಲೆಮಾರುಗಳ ಲೆಕ್ಕದಲ್ಲಿ ಗುರುತಿಸಿಟ್ಟಿದ್ದಾರೆ. ಅಲ್ಲಿ ಚೊಚ್ಚಲ ಮರಿಗಳ ಮೈಯಲ್ಲಿ ವಿಷ ಹೆಚ್ಚು, ಅವುಗಳ ಸಾವೂ ಹೆಚ್ಚು. ಹೆತ್ತ ಮೇಲೆ ತಾಯಿಯ ಮೈಯ ವಿಷ ಇಳಿಯುತ್ತದೆ. ತಾಯಿಯ ಕೊಬ್ಬನ್ನು ಮಾತ್ರ ಅಳೆದು ‘ಪರಿಸ್ಥಿತಿ ಸುಧಾರಿಸಿದೆ’ ಎನ್ನುವವರು ಈ ಸಂಗತಿಯನ್ನು ಮರೆಯುತ್ತಾರೆ.

ಪಿಸಿಬಿಯನ್ನು ಪರಿಸರದಲ್ಲಿ ಮೊದಲು ಪತ್ತೆ ಹಚ್ಚಿದ ಸ್ವೀಡನ್ನಿನ ಸೋರೆನ್ ಯೆನ್ಸೆನ್ 1966ರಲ್ಲೇ ಇದರ ಸುಳಿವು ಕೊಟ್ಟಿದ್ದರು. ಕೀಟನಾಶಕ ಡಿಡಿಟಿಯನ್ನು ಹುಡುಕುತ್ತಿದ್ದ ಅವರಿಗೆ ಮೀನಿನಲ್ಲಿ, ಹದ್ದಿನಲ್ಲಿ ಗುರುತಾಗದ ಒಂದು ವಸ್ತು ಕಂಡಿತು. ಅದೇ ವಸ್ತು ಅವರ ಸ್ವಂತ ಮನೆಯವರ ಕೂದಲಲ್ಲೂ ಇತ್ತು. ಐದು ತಿಂಗಳ ಮಗಳ ಕೂದಲಲ್ಲೂ ಇತ್ತು. ಅದು ಎದೆಹಾಲಿನಿಂದಲೇ ಬಂದಿರಬೇಕೆಂದು ಅವರು ಊಹಿಸಿದರು. ಅಮೆರಿಕದಲ್ಲಿ ತಯಾರಿಕೆ ನಿಂತದ್ದು ಅದಾದ ಹನ್ನೊಂದು ವರ್ಷಗಳ ಮೇಲೆ, 1977ರಲ್ಲಿ. ತಿಳಿಯದೆ ಆದ ತಪ್ಪು ಎಂದು ಇದನ್ನು ಕ್ಷಮಿಸುವವರು ಈ ಹನ್ನೊಂದು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎದುರು ಪಕ್ಷದ ಅತಿ ಗಟ್ಟಿಯಾದ ವಾದ ಬಾಲ್ಟಿಕ್ ಸಮುದ್ರದ್ದು, ಅದನ್ನು ನ್ಯಾಯವಾಗಿಯೇ ಎತ್ತಿಕೊಳ್ಳಬೇಕು. 1970ರ ದಶಕದಲ್ಲಿ ಅಲ್ಲಿನ ಸೀಲ್‌ಗಳ ಗರ್ಭಾಶಯ ಮುಚ್ಚಿಹೋಗಿ ಅರ್ಧಕ್ಕರ್ಧ ಹೆಣ್ಣುಗಳು ಬಂಜೆಯಾಗಿದ್ದವು. ನಿಷೇಧ ಬಂತು, ವಿಷದ ಮಟ್ಟ ಇಳಿಯಿತು, ಬೇಟೆಯೂ ತಗ್ಗಿತು, ಬೂದು ಸೀಲ್‌ಗಳು ಮತ್ತೆ ಹೆಚ್ಚಿದವು. ಇದು ನಿಜ, ಸಂತೋಷದ ಸಂಗತಿ. ನಿಷೇಧ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಆದರೆ ಸೀಲ್ ಮೀನು ತಿನ್ನುವ ಪ್ರಾಣಿ, ಓರ್ಕಾಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಮೊದಲ ಇಳಿತ ಎಲ್ಲೆಡೆ ವೇಗವಾಗಿಯೇ ಬಂತು, ಯಾಕೆಂದರೆ ಕಾರ್ಖಾನೆಯ ಕೊಳವೆಗಳು ಮುಚ್ಚಿದವು. ಆಮೇಲಿನ ಹಂತವನ್ನು ಬ್ರಿಟನ್ನಿನ ಹಾರ್ಬರ್ ಪಾರ್ಪಾಯ್ಸ್ ಎಂಬ ಚಿಕ್ಕ ಕಡಲ ಸಸ್ತನಿಗಳು ಹೇಳುತ್ತವೆ. ದಡಕ್ಕೆ ಬಿದ್ದ ಹೆಣಗಳನ್ನು 1990ರಿಂದ ಬಿಡದೆ ಪರೀಕ್ಷಿಸುತ್ತ ಬಂದಿದ್ದಾರೆ. ಅವುಗಳ ಪಿಸಿಬಿ ಮಟ್ಟ 1990ರ ದಶಕದ ಕೊನೆಯವರೆಗೆ ಇಳಿದು, ಅಲ್ಲಿಂದ ಮುಂದೆ ಹೆಚ್ಚೂಕಡಿಮೆ ಹಾಗೆಯೇ ನಿಂತಿತು. ಹೊಸ ಸರಕು ನಿಂತರೂ ಹಳೆಯ ಸರಕು ಸೋರುತ್ತಿರುವ ತನಕ ಇಳಿತ ಒಂದು ಜಾಗದಲ್ಲಿ ನಿಲ್ಲಲೇಬೇಕು. ‘ಕಾಲ ಎಲ್ಲವನ್ನೂ ಸರಿಮಾಡುತ್ತದೆ’ ಎನ್ನುವವರು ಇಳಿಜಾರಿನ ಮೊದಲ ಭಾಗವನ್ನು ನೋಡಿ, ಅದೇ ಗೆರೆಯನ್ನು ಸೊನ್ನೆಯವರೆಗೆ ಎಳೆದುಬಿಟ್ಟಿದ್ದಾರೆ.

ಪಾಲ್ ಜೆಪ್ಸನ್ ಮತ್ತು ಸಂಗಡಿಗರು 2016ರಲ್ಲಿ ಯುರೋಪಿನ ಕಡಲುಗಳ ಸಾವಿರಕ್ಕೂ ಹೆಚ್ಚು ಡಾಲ್ಫಿನ್, ಪಾರ್ಪಾಯ್ಸ್, ಓರ್ಕಾಗಳ ಕೊಬ್ಬಿನ ಮಾಹಿತಿಯನ್ನು ಒಟ್ಟುಗೂಡಿಸಿದರು. ಓರ್ಕಾ, ಬಾಟಲ್‌ಮೂಗಿನ ಡಾಲ್ಫಿನ್, ಪಟ್ಟೆ ಡಾಲ್ಫಿನ್, ಮೂರರಲ್ಲೂ ಸರಾಸರಿಯೇ ಹಾನಿಯ ಮಟ್ಟವನ್ನು ಮೀರಿತ್ತು. 2018ರಲ್ಲಿ ಜಾನ್ ಪಿಯರ್ ದೆಫೋರ್ಜ್ ಮತ್ತಿತರರು 350ಕ್ಕೂ ಹೆಚ್ಚು ಓರ್ಕಾಗಳ ಮಾಹಿತಿ ಆಧರಿಸಿ ಮುಂದಿನ ನೂರು ವರ್ಷಗಳ ಲೆಕ್ಕ ಹಾಕಿದರು. ಜಗತ್ತಿನ ಓರ್ಕಾ ಗುಂಪುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಉಳಿವೇ ಪಿಸಿಬಿಯೊಂದರಿಂದ ಪ್ರಶ್ನೆಗೆ ಸಿಲುಕುತ್ತದೆ ಎಂದು ಅವರಿಗೆ ಕಂಡಿತು. ಬ್ರಿಟನ್, ಜಿಬ್ರಾಲ್ಟರ್, ಜಪಾನ್, ಬ್ರೆಜಿಲ್ ತೀರದ ಗುಂಪುಗಳು ಎಲ್ಲಕ್ಕಿಂತ ಅಪಾಯದಲ್ಲಿರುವವು. ಮೀನನ್ನೇ ತಿನ್ನುವ ಐಸ್‌ಲೆಂಡ್, ನಾರ್ವೆ ಕಡೆಯ ಗುಂಪುಗಳಿಗೆ ಅಪಾಯ ಕಡಿಮೆ.

ಇಲ್ಲಿ ಇನ್ನೊಂದು ಆಕ್ಷೇಪ ಏಳುತ್ತದೆ, ಅದು ಸುಲಭದ ಆಕ್ಷೇಪವಲ್ಲ. ಅಮೆರಿಕ–ಕೆನಡಾದ ಪಶ್ಚಿಮ ತೀರದಲ್ಲಿ ಸೀಲ್ ತಿನ್ನುವ ಬಿಗ್ಸ್ ಓರ್ಕಾಗಳಿವೆ. ಪೀಟರ್ ರಾಸ್ 2000ದಲ್ಲಿ ಅಳೆದಾಗ ಅವುಗಳ ಗಂಡುಗಳಲ್ಲಿ ಸರಾಸರಿ 251 ಮಿಲಿಗ್ರಾಂ ಪಿಸಿಬಿ ಇತ್ತು; ಅದೇ ತೀರದಲ್ಲಿ ಸಾಮನ್ ಮೀನು ತಿನ್ನುವ ದಕ್ಷಿಣ ವಾಸಿ ಓರ್ಕಾಗಳ ಗಂಡುಗಳಲ್ಲಿ 146. ಆದರೂ ಬಿಗ್ಸ್ ಗುಂಪು ಬೆಳೆಯುತ್ತಿದೆ, ದಕ್ಷಿಣ ವಾಸಿಗಳು ಎಪ್ಪತ್ತರ ಆಸುಪಾಸಿನಲ್ಲಿ ಕುಗ್ಗಿ ನಿಂತಿವೆ. ಹಾಗಾದರೆ ವಿಷಕ್ಕೂ ಅಳಿವಿಗೂ ಏನು ಸಂಬಂಧ ಎಂದು ಕೇಳುತ್ತಾರೆ.

ಸಂಬಂಧ ಹಸಿವಿನದು. 1970ರ ದಶಕದಿಂದ ಸೀಲ್‌ಗಳಿಗೆ ಕಾನೂನಿನ ರಕ್ಷಣೆ ಸಿಕ್ಕು ಅವು ವಿಪರೀತ ಹೆಚ್ಚಿದವು. ಬಿಗ್ಸ್ ಓರ್ಕಾಗಳಿಗೆ ತುಂಬಿದ ಉಗ್ರಾಣ ಸಿಕ್ಕಿತು. ದಕ್ಷಿಣ ವಾಸಿಗಳು ನೆಚ್ಚಿಕೊಂಡ ಚಿನೂಕ್ ಸಾಮನ್ ಅಣೆಕಟ್ಟು, ಅತಿ ಮೀನುಗಾರಿಕೆ, ಕೆಟ್ಟ ಹೊಳೆಗಳಿಂದ ಕುಸಿಯಿತು. ಹೊಟ್ಟೆ ತುಂಬಿದ ಪ್ರಾಣಿಯಲ್ಲಿ ವಿಷ ಕೊಬ್ಬಿನಲ್ಲಿ ಕೂತಿರುತ್ತದೆ. ಹಸಿದಾಗ ಕೊಬ್ಬು ಕರಗುತ್ತದೆ, ವಿಷ ರಕ್ತಕ್ಕೆ ಬಿಡುಗಡೆಯಾಗಿ ರೋಗನಿರೋಧಕ ಶಕ್ತಿಗೂ ಥೈರಾಯ್ಡ್ ಹಾರ್ಮೋನಿಗೂ ಪೆಟ್ಟು ಕೊಡುತ್ತದೆ. ಸ್ಯಾಮ್ ವಾಸರ್ ತಂಡ ಕಡಲಿನಲ್ಲಿ ತೇಲುವ ಮಲದ ಮಾದರಿಗಳಿಂದ ಕಂಡಂತೆ 2008ರಿಂದ 2014ರ ನಡುವೆ ದಕ್ಷಿಣ ವಾಸಿಗಳಲ್ಲಿ ಪತ್ತೆಯಾದ ಗರ್ಭಗಳ ಪೈಕಿ ಶೇಕಡ 69ರಷ್ಟು ಮರಿ ಕೊಡಲಿಲ್ಲ. ಮುಖ್ಯ ಕಾರಣ ಆಹಾರದ ಕೊರತೆ. 2018ರಲ್ಲಿ ತಹ್ಲೀಕ್ವಾ ಎಂಬ ತಾಯಿ ಸತ್ತ ಮರಿಯನ್ನು ಹದಿನೇಳು ದಿನ ಹೊತ್ತು ಈಜಿದ ಚಿತ್ರ ಜಗತ್ತೆಲ್ಲ ನೋಡಿದ್ದು ಈ ಗುಂಪಿನದೇ. ಆ ಒಂದು ಸಾವಿಗೆ ಪಿಸಿಬಿಯೇ ಕಾರಣವೆಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಬಿಗ್ಸ್ ಓರ್ಕಾಗಳ ಬೆಳವಣಿಗೆ ಹೇಳುವುದು ಇಷ್ಟೇ: ಊಟ ಸಮೃದ್ಧವಾಗಿದ್ದಾಗ ಪ್ರಾಣಿ ವಿಷದ ಹೊರೆಯನ್ನು ಹೇಗೋ ಹೊತ್ತುಕೊಂಡು ಸಾಗಬಲ್ಲದು. ಕಡಲು ಬಿಸಿಯಾಗುತ್ತ, ಮೀನು ತೀರುತ್ತ ಇರುವ ಶತಮಾನದಲ್ಲಿ ಆ ಸಮೃದ್ಧಿಯ ಭರವಸೆಯನ್ನು ಯಾವ ಗುಂಪಿಗೂ ಕೊಡುವಂತಿಲ್ಲ.

ಮುಂದಿನ ವಾದ ಹಣದ್ದು. ನಾಶಮಾಡುವುದು ದುಬಾರಿ ಎನ್ನುತ್ತಾರೆ. ದುಬಾರಿ ಹೌದು. ಪಿಸಿಬಿಯನ್ನು ಸಾವಿರದ ನೂರು ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಉರಿಯಲ್ಲಿ, ನಿಗಾ ಇಟ್ಟು ಸುಡಬೇಕು. ಕಡಿಮೆ ಶಾಖದಲ್ಲಿ ಸುಟ್ಟರೆ ಡಯಾಕ್ಸಿನ್, ಫ್ಯೂರಾನ್ ಎಂಬ ಇನ್ನೂ ಘೋರ ವಿಷಗಳು ಹುಟ್ಟುತ್ತವೆ. ಇಲ್ಲವಾದರೆ ರಾಸಾಯನಿಕವಾಗಿ ಕ್ಲೋರಿನ್ ಕಳಚಬೇಕು. ಆದರೆ ದುಬಾರಿ ಎಂದು ದೂರುವವರು ನಾಶ ಮಾಡದಿದ್ದರೆ ಆಗುವ ಖರ್ಚನ್ನು ಎಣಿಸುವುದಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳು 1977ರವರೆಗೆ ಮೂರು ದಶಕ ನ್ಯೂಯಾರ್ಕಿನ ಹಡ್ಸನ್ ನದಿಗೆ ಪಿಸಿಬಿ ಬಿಟ್ಟವು. ಆ ಕೆಸರನ್ನು ಬಾಚಲು ಯಂತ್ರಗಳು ಇಳಿದದ್ದು 2009ರಲ್ಲಿ. ಕೆಲಸ 2015ರವರೆಗೆ ನಡೆಯಿತು. ವಾಷಿಂಗ್ಟನ್ ರಾಜ್ಯ ಪಿಸಿಬಿ ಹಾನಿಗಾಗಿ ಮಾನ್ಸಾಂಟೋ ಮೇಲೆ ದಾವೆ ಹೂಡಿ 2020ರಲ್ಲಿ 9.5 ಕೋಟಿ ಡಾಲರ್ ಪಡೆಯಿತು. ಪೀಪಾಯಿಯಲ್ಲಿರುವ ಎಣ್ಣೆಯನ್ನು ಸುಡುವ ಖರ್ಚು ಒಂದು. ಅದು ನದಿಯ ಕೆಸರಾದ ಮೇಲೆ ಬಾಚುವ ಖರ್ಚು ಇನ್ನೊಂದು. ಓರ್ಕಾದ ಕೊಬ್ಬು ಸೇರಿದ ಮೇಲಂತೂ ಎಷ್ಟು ಹಣ ಸುರಿದರೂ ಅದನ್ನು ಹೊರತೆಗೆಯುವ ಯಂತ್ರವಿಲ್ಲ.

ಶ್ರಮ ಪಟ್ಟಲ್ಲಿ ಫಲ ಸಿಕ್ಕಿದೆ ಎಂಬುದನ್ನೂ ಹೇಳಬೇಕು. ಕೆನಡಾದ ಸೇಂಟ್ ಲಾರೆನ್ಸ್ ನದೀಮುಖದ ಬಿಳಿ ತಿಮಿಂಗಿಲಗಳು, ಬೆಲೂಗಾಗಳು, ಒಂದು ಕಾಲಕ್ಕೆ ಕಾಡು ಪ್ರಾಣಿಗಳಲ್ಲಿ ಕಂಡು ಕೇಳರಿಯದ ಪ್ರಮಾಣದ ಕ್ಯಾನ್ಸರಿನಿಂದ ಸಾಯುತ್ತಿದ್ದವು. ಕೆಲವು ಹೆಣಗಳಲ್ಲಿ ಪಿಸಿಬಿ ಎಷ್ಟಿತ್ತೆಂದರೆ ಅವು ಅಪಾಯಕಾರಿ ತ್ಯಾಜ್ಯದ ಮಿತಿಯನ್ನೇ ದಾಟಿದ್ದವು. ಆ ಕ್ಯಾನ್ಸರಿಗೆ ಸಗ್ನೆ ಪ್ರದೇಶದ ಅಲ್ಯೂಮಿನಿಯಂ ಕಾರ್ಖಾನೆಗಳಿಂದ ಬರುತ್ತಿದ್ದ ಟಾರಿನಂಥ ಬೇರೆ ವಿಷಗಳೂ ಕಾರಣವೆಂದು ಡೇನಿಯಲ್ ಮಾರ್ಟಿನೋ ಮತ್ತಿತರರು ತೋರಿಸಿಕೊಟ್ಟರು. ಆ ವಿಷ ಹೊರಬೀಳುವುದು ತಗ್ಗಿತು. 1971ರ ಬಳಿಕ ಹುಟ್ಟಿದ ಬೆಲೂಗಾಗಳ ಹೆಣಗಳಲ್ಲಿ ಕ್ಯಾನ್ಸರ್ ಕಂಡುಬಂದಿಲ್ಲ. ಮೂಲಕ್ಕೆ ಕೈಹಾಕಿದಾಗ ಒಂದೇ ತಲೆಮಾರಿನಲ್ಲಿ ಬದಲಾವಣೆ ಬಂತು. ಹಾಗಿರುವಾಗ ಇನ್ನುಳಿದ ಮೂಲಗಳಿಗೆ ಕೈಹಾಕದೆ ಕೂತಿರುವುದಕ್ಕೆ ಅಸಹಾಯಕತೆಯ ನೆಪ ಹೇಳುವಂತಿಲ್ಲ.

ಇನ್ನು ನಮ್ಮ ದೇಶ. ಭಾರತ ಪಿಸಿಬಿ ತಯಾರಿಸಲಿಲ್ಲ, ಆಮದಾದ ಉಪಕರಣಗಳ ಹೊಟ್ಟೆಯಲ್ಲಿ ಅದು ಬಂತು. ಇಂಥ ವಿಷಗಳನ್ನು ನಿರ್ಮೂಲ ಮಾಡುವ ಸ್ಟಾಕ್‌ಹೋಮ್ ಒಪ್ಪಂದಕ್ಕೆ 2001ರಲ್ಲಿ ಅಂಗೀಕಾರ ಸಿಕ್ಕಿತು, 2004ರಲ್ಲಿ ಜಾರಿಗೆ ಬಂತು. ಭಾರತ 2006ರ ಜನವರಿಯಲ್ಲಿ ಅನುಮೋದಿಸಿತು. ವಿದ್ಯುತ್ ಜಾಲದಲ್ಲಿ ಪಿಸಿಬಿ ಎಲ್ಲೆಲ್ಲಿದೆ ಎಂಬ ಎಣಿಕೆಯಲ್ಲಿ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ ಪಾತ್ರವಿದೆ. ರಾಷ್ಟ್ರೀಯ ಯೋಜನೆಯಲ್ಲಿ ಮೊದಲಿಗೆ ನಮೂದಾದ ಅಂದಾಜು 9,800 ಟನ್ನಿಗೂ ಹೆಚ್ಚು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿ ತಯಾರಿಕೆ, ಆಮದುಗಳನ್ನು ನಿಷೇಧಿಸಿತು. ಎಲ್ಲ ರೂಪದ ಬಳಕೆಗೂ 2025ರ ಡಿಸೆಂಬರ್ 31ರ ಗಡುವು ಹಾಕಿತು. ಕಾಗದದ ಮೇಲೆ ಇದು ಒಳ್ಳೆಯ ಆದೇಶ. ಆದರೆ ಪಿಸಿಬಿ ಹರಡುವುದು ಕಾಗದ ನೋಡದ ಜಾಗಗಳಲ್ಲಿ. ಟ್ರಾನ್ಸ್‌ಫಾರ್ಮರ್ ರಿಪೇರಿಗೆ ಬಂದಾಗ ಒಂದರ ಎಣ್ಣೆ ಇಳಿಸಿದ ಪಂಪು, ಪೀಪಾಯಿಯಲ್ಲೇ ಇನ್ನೊಂದರ ಎಣ್ಣೆ ತುಂಬುತ್ತಾರೆ. ಪಿಸಿಬಿ ಇಲ್ಲದಿದ್ದ ಸಾಮಾನ್ಯ ಖನಿಜ ತೈಲವೂ ಕೆಡುತ್ತದೆ. ತಾಮ್ರದಾಸೆಗೆ ಒಡೆದ ಪೆಟ್ಟಿಗೆಯಿಂದ ಎಣ್ಣೆ ನೆಲಕ್ಕೆ ಹರಿಯುತ್ತದೆ. ಗುಜರಾತಿನ ಅಲಂಗ್‌ನಲ್ಲಿ ಒಡೆಯುವ ಹಳೆಯ ಹಡಗುಗಳ ಕೇಬಲ್ಲು, ಬಣ್ಣಗಳಲ್ಲೂ ಪಿಸಿಬಿ ಇರುತ್ತದೆ, ಒಡೆಯುವುದು ಕಡಲ ದಂಡೆಯ ಮೇಲೆಯೇ.

ಪಿಸಿಬಿಗಿಂತ ನಮ್ಮ ಕಡಲಿನ ದೊಡ್ಡ ಹೊರೆ ಡಿಡಿಟಿ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪರಂಗಿಪೇಟೆಯ ಸಂಶೋಧಕರು ತನಾಬೆಯವರೊಡನೆ ಸೇರಿ ಬಂಗಾಳ ಕೊಲ್ಲಿಯ ಡಾಲ್ಫಿನ್‌ಗಳನ್ನು ಪರೀಕ್ಷಿಸಿದಾಗ ಪಿಸಿಬಿಗಿಂತ ಡಿಡಿಟಿಯೇ ಹೆಚ್ಚಿತ್ತು. ಕೃಷಿಯಲ್ಲಿ ಡಿಡಿಟಿ ಬಳಕೆಗೆ ಭಾರತ 1989ರಲ್ಲಿ ತಡೆ ಹಾಕಿತು; ಸೊಳ್ಳೆ ನಿಯಂತ್ರಣಕ್ಕೆಂದು ವಿನಾಯಿತಿ ಉಳಿಸಿಕೊಂಡಿತು. ಮಲೇರಿಯಾದಿಂದ ಸಾಯುವ ಮಗುವಿನ ಮುಂದೆ ಡಾಲ್ಫಿನ್ ಲೆಕ್ಕ ತೆಗೆಯುವುದು ಸರಿಯಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡ ಜಿಲ್ಲೆಗಳಲ್ಲೂ ಅದನ್ನೇ ಸಿಂಪಡಿಸಿದರೆ ಮಗುವಿಗೂ ರಕ್ಷಣೆಯಿಲ್ಲ, ಕಡಲಿಗೂ ಇಲ್ಲ. ಬೇರೆಲ್ಲ ದೇಶಗಳು ಕೈಬಿಟ್ಟ ಮೇಲೆ ಡಿಡಿಟಿ ತಯಾರಿಸುವ ಕೊನೆಯ ದೇಶವಾಗಿ ನಾವು ಉಳಿದೆವು. ಕಾರವಾರದಿಂದ ಮಂಗಳೂರಿನವರೆಗೆ ಅಳಿವೆಗಳ ಬಾಯಲ್ಲಿ ಮೀನಿಗಾಗಿ ಸುಳಿಯುವ ಗೂನು ಬೆನ್ನಿನ ಡಾಲ್ಫಿನ್‌ಗಳು ದಡ ಬಿಟ್ಟು ದೂರ ಹೋಗುವ ಪ್ರಾಣಿಗಳಲ್ಲ. ಕಾಳಿ, ಶರಾವತಿ, ನೇತ್ರಾವತಿ ತಂದು ಸುರಿಯುವುದನ್ನೆಲ್ಲ ಮೊದಲು ಉಣ್ಣುವುದು ಅವು ತಿನ್ನುವ ಮೀನುಗಳು, ನಾವು ತಿನ್ನುವ ಮೀನುಗಳೂ ಅವೇ.

ಬಿಸಿ ನಾಡಿನಲ್ಲಿ ಆವಿಯಾದದ್ದು ಗಾಳಿಯಲ್ಲಿ ಸಾಗಿ ಚಳಿಯ ನಾಡಿನಲ್ಲಿ ಇಳಿಯುತ್ತದೆ ಎಂಬುದು ಈ ವಿಷಗಳ ಇನ್ನೊಂದು ಗುಣ. ಪಿಸಿಬಿಯನ್ನು ತಯಾರಿಸದ, ಬಳಸದ, ಅದರಿಂದ ಒಂದು ಕಾಸೂ ಗಳಿಸದ ಜನ ಅದನ್ನು ಮೈಯಲ್ಲಿ ಹೊತ್ತದ್ದು ಹೀಗೆ. ಎರಿಕ್ ಡೆವೈಯಿ 1980ರ ದಶಕದಲ್ಲಿ ಕ್ವಿಬೆಕ್‌ನ ಉತ್ತರದ ನುನಾವಿಕ್‌ನಲ್ಲಿ ಇನುಯಿಟ್ ತಾಯಂದಿರ ಎದೆಹಾಲನ್ನು ಪರೀಕ್ಷಿಸಿದರು. ಮಾಲಿನ್ಯವಿಲ್ಲದ ಹಾಲಿನ ಮಾದರಿ ಸಿಕ್ಕೀತೆಂದು ಹೊರಟವರಿಗೆ ದಕ್ಷಿಣದ ನಗರಗಳ ತಾಯಂದಿರಿಗಿಂತ ಸುಮಾರು ಐದು ಪಟ್ಟು ಹೆಚ್ಚು ಪಿಸಿಬಿ ಸಿಕ್ಕಿತು. ಸೀಲ್, ಬೆಲೂಗಾ ಅವರ ಊಟ. ಶೀಲಾ ವಾಟ್-ಕ್ಲೂಟಿಯೆ ಮುಂತಾದ ಇನುಯಿಟ್ ನಾಯಕರು ಸ್ಟಾಕ್‌ಹೋಮ್ ಒಪ್ಪಂದದ ಮಾತುಕತೆಗಳಲ್ಲಿ ಪಟ್ಟು ಹಿಡಿದು ಕೂತದ್ದರಿಂದ ಅದಕ್ಕೊಂದು ಮಾನವೀಯ ಒತ್ತಡ ಬಂತು. ಫಾರೋ ದ್ವೀಪಗಳಲ್ಲಿ ಪಾಲ್ ವೈಹೆ ಮತ್ತು ಸಹೋದ್ಯೋಗಿಗಳು ಪಾದರಸ, ಪಿಸಿಬಿಗಳ ಪರಿಣಾಮವನ್ನು ಮಕ್ಕಳಲ್ಲಿ ವರ್ಷಗಟ್ಟಲೆ ಅಭ್ಯಸಿಸಿದರು. ಪೈಲಟ್ ತಿಮಿಂಗಿಲ ಮನುಷ್ಯರ ಊಟಕ್ಕೆ ತಕ್ಕುದಲ್ಲ ಎಂದು 2008ರಲ್ಲಿ ಅಲ್ಲಿನ ಆರೋಗ್ಯಾಧಿಕಾರಿಗಳು ಹೇಳಬೇಕಾಯಿತು. ತಲೆಮಾರುಗಳಿಂದ ಉಂಡು ಬಂದ ಊಟವನ್ನು ಬಿಡಿ ಎಂಬ ಸಲಹೆ ಮಾಲಿನ್ಯಕ್ಕೆ ಪರಿಹಾರವಲ್ಲ. ಅದು ಮಾಲಿನ್ಯದ ಬೆಲೆಯನ್ನು ಅದನ್ನು ಮಾಡದವರ ತಟ್ಟೆಯಿಂದ ವಸೂಲು ಮಾಡುವುದು. ಮಾಂಸ ಬಿಡು ಎಂಬ ಆ ಸಲಹೆಯನ್ನು ಓರ್ಕಾಕ್ಕೆ ಕೊಡಲೂ ಆಗದು.

‘ನಿಷೇಧವಾಯಿತು, ಮುಗಿಯಿತು’ ಎಂಬ ನಂಬಿಕೆಯ ದೊಡ್ಡ ನಷ್ಟ ಮುಂದಿನ ವಿಷಗಳ ವಿಷಯದಲ್ಲಿ ಕಾಣುತ್ತದೆ. ಹಿಂದಿನ ಅನುಭವದಿಂದ ಏನನ್ನೂ ಕಲಿಯಬೇಕಿಲ್ಲ ಎಂಬ ಧೈರ್ಯವನ್ನು ಅದು ಕೊಟ್ಟಿದೆ. ಪಿಸಿಬಿ ನಿಂತಿತು, ಬೆಂಕಿ ತಡೆಯಲು ಬ್ರೋಮಿನ್ ಸೇರಿಸಿದ ಪಿಬಿಡಿಇಗಳು ಸೋಫಾ, ಟಿವಿ ಪೆಟ್ಟಿಗೆಗಳ ಒಳಗೆ ಬಂದವು. ಮುಂದೆ ಅವೂ ಕಡಲ ಸಸ್ತನಿಗಳ ಕೊಬ್ಬಿನಲ್ಲಿ ಸಿಕ್ಕವು. ಅಂಟದ ಬಾಣಲೆ, ನೀರು ಹಿಡಿಯದ ಬಟ್ಟೆ, ಅಗ್ನಿಶಾಮಕ ನೊರೆಗಳ ಫ್ಲೋರಿನ್ ಸಂಯುಕ್ತಗಳು, ಪಿಎಫ್‌ಎಎಸ್‌ಗಳು, ಸಾವಿರಾರು ಬಗೆಯವು. ಅವುಗಳಲ್ಲೊಂದಾದ ಪಿಎಫ್‌ಒಎಸ್ ಹಿಮಕರಡಿ, ಸೀಲ್, ಡಾಲ್ಫಿನ್‌ಗಳಲ್ಲೆಲ್ಲ ಹರಡಿದೆ ಎಂದು 2001ರಲ್ಲಿ ಜಗತ್ತಿಗೆ ತೋರಿಸಿದ ಇಬ್ಬರಲ್ಲಿ ಒಬ್ಬರು, ಜಾನ್ ಗೀಸಿಯವರ ಜೊತೆಗೆ, ಮೇಲೆ ಹೆಸರಿಸಿದ ಕಣ್ಣನ್ ಅವರೇ. ಅದು ಒಪ್ಪಂದದ ಪಟ್ಟಿಗೆ ಸೇರಿದ್ದು 2009ರಲ್ಲಿ. ಅಷ್ಟರಲ್ಲಿ ಉದ್ಯಮ ಅದೇ ಕುಟುಂಬದ ಬೇರೆ ಅಣುಗಳಿಗೆ ದಾಟಿತ್ತು. ಒಂದೊಂದೇ ಅಣುವಿನ ಹಾನಿಯನ್ನು ದಶಕಗಟ್ಟಲೆ ಸಾಬೀತು ಮಾಡುತ್ತ, ಒಂದೊಂದನ್ನೇ ನಿಷೇಧಿಸುತ್ತ ಹೋಗುವ ಈ ಪದ್ಧತಿಯಲ್ಲಿ ಪ್ರತಿ ಸಲವೂ ಪ್ರಯೋಗಕ್ಕೆ ಒಳಗಾಗುವುದು ಆಹಾರ ಸರಪಳಿಯ ತುದಿಯ ಪ್ರಾಣಿ. ಕೊಳೆಯದೆ ಉಳಿಯುವ, ಮೈಯಲ್ಲಿ ಕೂಡಿಕೊಳ್ಳುವ ಗುಣ ಪ್ರಯೋಗಾಲಯದಲ್ಲೇ ಗೊತ್ತಾಗುವಂಥದ್ದು. ಆ ಎರಡು ಗುಣವಿರುವ ಅಣುವಿಗೆ ಮಾರುಕಟ್ಟೆಯ ಬಾಗಿಲನ್ನೇ ತೆರೆಯಬಾರದು. ಹಾನಿಯಿಲ್ಲವೆಂದು ತೋರಿಸುವ ಹೊಣೆ ತಯಾರಕರದಾಗಬೇಕು.

ಸ್ಟಾಕ್‌ಹೋಮ್ ಒಪ್ಪಂದದ ಪ್ರಕಾರ ಉಪಕರಣಗಳಲ್ಲಿ ಪಿಸಿಬಿ ಬಳಕೆಗೆ ಕೊನೆಯ ವರ್ಷ 2025, ಇರುವ ಸರಕನ್ನೆಲ್ಲ ಸುರಕ್ಷಿತವಾಗಿ ವಿಲೇವಾರಿ ಮಾಡಲು 2028. ಆ ಎರಡನೆಯ ಗಡುವಿಗೆ ಒಪ್ಪಂದ ಕೇಳುವುದು ದೃಢ ಪ್ರಯತ್ನವನ್ನು ಮಾತ್ರ, ಫಲಿತಾಂಶವನ್ನಲ್ಲ, ತಪ್ಪಿದರೆ ದಂಡವಿಲ್ಲ. ಅತಿ ಹೆಚ್ಚು ತಯಾರಿಸಿದ ಅಮೆರಿಕ ಅದಕ್ಕೆ ಸದಸ್ಯನೇ ಅಲ್ಲ. ಆದ್ದರಿಂದ ಒತ್ತಾಯ ಒಳಗಿನಿಂದ, ಆಯಾ ದೇಶದ ಜನರಿಂದ ಬರಬೇಕು. ನಮ್ಮಲ್ಲಿ ಅದರ ಮೊದಲ ಹೆಜ್ಜೆ ಸರಳವಾದದ್ದು: ಪ್ರತಿ ವಿದ್ಯುತ್ ಕಂಪನಿ, ಪ್ರತಿ ಉಕ್ಕಿನ ಕಾರ್ಖಾನೆ, ಪ್ರತಿ ರೈಲ್ವೆ ಕಾರ್ಯಾಗಾರ ತನ್ನ ಬಳಿ ಪರೀಕ್ಷೆಯಾದ ಟ್ರಾನ್ಸ್‌ಫಾರ್ಮರ್ ಎಷ್ಟು, ಆಗದವು ಎಷ್ಟು, ಕೆಟ್ಟ ಎಣ್ಣೆ ಎಲ್ಲಿ ಇಟ್ಟಿದೆ, ಎಷ್ಟು ನಾಶವಾಯಿತು ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದಿಡಲಿ. ದಡಕ್ಕೆ ಬೀಳುವ ಪ್ರತಿ ಡಾಲ್ಫಿನ್, ತಿಮಿಂಗಿಲದ ಕೊಬ್ಬಿನ ಒಂದು ತುಂಡು ಹೂಳುವ ಮೊದಲು ಪ್ರಯೋಗಾಲಯಕ್ಕೆ ಹೋಗಲಿ; ಬ್ರಿಟನ್ ಮೂವತ್ತು ವರ್ಷ ಮಾಡಿದ ಕೆಲಸವನ್ನು ಏಳೂವರೆ ಸಾವಿರ ಕಿಲೋಮೀಟರ್ ಮೀರಿದ ಕಡಲ ಅಂಚಿರುವ ದೇಶ ಮಾಡಲಾರದೆಂಬುದನ್ನು ನಾನು ಒಪ್ಪಲಾರೆ. ಪಟ್ಟಿಯಲ್ಲಿ ಉಳಿದ ಟನ್ನುಗಳು ಇಳಿಯುತ್ತಿವೆಯೇ, ಕೊಬ್ಬಿನಲ್ಲಿ ಸಿಗುವ ಮಿಲಿಗ್ರಾಂಗಳು ಇಳಿಯುತ್ತಿವೆಯೇ ಎಂದು ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ತನಕ, ಪಿಸಿಬಿ ಮುಗಿದ ಕಥೆ ಎಂದು ಹೇಳುವ ಅಧಿಕಾರ ಯಾವ ಮಂತ್ರಿಗೂ ಯಾವ ಸಂಪಾದಕರಿಗೂ ಇಲ್ಲ.